ಬಾಳಿಕೆ

ಮಾರ್ಚ್ ತಿಂಗಳು. ಇಮಾತ್ರಾದ ತಪಾಸಣೆ ಶೆಡ್ಡಿನೆದುರು
ಕಾರುಗಳು ತೊಟ್ಟಿಕ್ಕುತ್ತ ಸಾಲುಗಟ್ಟಿವೆ.
ಚಳಿಗಾಲವಿಡೀ ರಸ್ತೆಗೆ ಎರಚಿದ ಉಪ್ಪು
ಈಗ ಕರಗಿ, ಬಾಗಿಲ ಕೆಳಗಿನ ಮಡಿಕೆಗಳಿಂದ
ಹನಿ ಹನಿಯಾಗಿ ಇಳಿಯುತ್ತಿದೆ.

ನಾನು ಹಿಲ್ಕ.
ಇಪ್ಪತ್ತಾರು ವರ್ಷ ಈ ಕುಣಿಯಲ್ಲಿ ನಿಂತು
ಕಾರುಗಳನ್ನು ಹೊಟ್ಟೆಯ ಕಡೆಯಿಂದ ಬಲ್ಲೆ.
ಮುಖ ನೋಡಿ ಮರುಳಾಗುವುದು ನಿಮ್ಮ ಕೆಲಸ.

ಶನಿವಾರ ಸೌನಾದ ಮೇಲಿನ ಹಲಗೆಯ ಮೇಲೆ
ಬೆವರೊರೆಸುತ್ತ ಯಾರಾದರೂ ಕೇಳಿಯೇ ಕೇಳುತ್ತಾರೆ:
"ಹಿಲ್ಕ, ನೀನೇ ಹೇಳು, ಯಾವುದು ಬಾಳಿಕೆ ಬರುತ್ತೆ?
ಟೊಯೋಟಾನೋ, ವೋಲ್ವೋನೋ? ಜರ್ಮನಿಯದನ್ನ ನಂಬಬಹುದಾ?"
ಹೆಣ್ಣಿಗೆ ಗಂಡು ನೋಡುವ ಹಾಗೆ
ಕುಲಗೋತ್ರದಿಂದಲೇ ಶುರು.
ಯಾರ ಜೊತೆ ಬಾಳಬೇಕು ಅದು, ಎಂದು ತಿರುಗಿ ಕೇಳಬೇಕು ನಾನು.
ಕೇಳುವುದಿಲ್ಲ. ಕಾದ ಕಲ್ಲಿಗೆ ನೀರು ಎರಚುತ್ತೇನೆ.
ಭುಸ್ಸೆಂದು ಹಬೆ.
ಸ್ವಲ್ಪ ಹೊತ್ತು ಯಾರ ಮುಖವೂ ಯಾರಿಗೂ ಕಾಣದು.

ಪಟ್ಟಿಯೇನೋ ಇದೆ. ವರ್ಷಕ್ಕೊಮ್ಮೆ ಪತ್ರಿಕೆಯಲ್ಲಿ ಬರುತ್ತದೆ,
ಯಾವ ಕಂಪನಿಯದು ನೂರಕ್ಕೆ ಎಷ್ಟು ಪಾಸು, ಎಷ್ಟು ನಪಾಸು.
ಆ ಅಂಕಿಗಳಲ್ಲಿ ನನ್ನ ಬೆರಳಿನ ಗ್ರೀಸೂ ಇದೆ, ಅಲ್ಲಗಳೆಯಲಾರೆ.
ಆದರೆ ಪಟ್ಟಿಗೆ ಗೊತ್ತಿಲ್ಲ,
ಚಳಿ ಬೀಳುವ ಮೊದಲು ಉರ್ಪೊ ತನ್ನ ಸಾಬ್ ಕಾರಿನಡಿ ಅಂಗಾತ ಮಲಗಿ
ಬಾಣಂತಿಗೆ ತಿಕ್ಕುವವರ ಶ್ರದ್ಧೆಯಲ್ಲಿ
ಎಣ್ಣೆ ಬಳಿಯುತ್ತಾನೆಂದು.
ಅದನ್ನು ಹೆತ್ತ ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ಕಾಲವಾಯಿತು.
ಕಾರು ಓಡುತ್ತಲೇ ಇದೆ,
ಸುದ್ದಿ ಇನ್ನೂ ಮುಟ್ಟಿಲ್ಲದ ಹಾಗೆ.

ಮೊನ್ನೆ ಬಂತೊಂದು ಬೆಳ್ಳಿ ಬಣ್ಣದ್ದು,
ಹದಿಮೂರು ವರ್ಷ, ನಾಲ್ಕು ಕೈ ದಾಟಿದ್ದು,
ಕನ್ನಡಿಯಂತೆ ತಿಕ್ಕಿ ತೊಳೆದು ತಂದಿದ್ದ ಆಲ್ವಾರ್ ಎಂಬ ಹುಡುಗ.
ಅಂಚನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ.
ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ.
ಇದು ದೊಪ್ ಎಂದಿತು,
ಇನ್ನೊಂದು ಸಲಕ್ಕೆ ಸುತ್ತಿಗೆ ಒಳಗೇ ಹೋಯಿತು.
ಮೇಲೆ ಥಳುಕು, ಒಳಗೆ ಹುಳುಕು.
ಹುಡುಗ ಮೂತಿಯ ಬಿಲ್ಲೆ ತೋರಿಸಿದ: "ಆದರೆ ಇದು ಟೊಯೋಟಾ!"
ಬಿಲ್ಲೆಗೆ ತುಕ್ಕು ಹಿಡಿದಿಲ್ಲ ಎಂದೆ.
ಅದು ಪ್ಲಾಸ್ಟಿಕ್ಕು.

ಲೆಂಪಿಯ ಲಾಡಾ ಮಾತ್ರ ಪ್ರತಿ ವರ್ಷ ನಪಾಸು.
ಹ್ಯಾಂಡ್‌ಬ್ರೇಕು, ಇಲ್ಲವೇ ಹಿಂದಿನದೊಂದು ದೀಪ.
ಬೈಯುವುದಿಲ್ಲ ಅವಳು. ಅಂಗಳದ ಹಿಮದಲ್ಲೇ ಮೊಣಕಾಲೂರಿ
ಡಿಕ್ಕಿಯಿಂದ ಪಾನ ತೆಗೆದು, ಬಾಯಲ್ಲಿ ಟಾರ್ಚು ಕಚ್ಚಿ,
ಅರ್ಧ ಗಂಟೆಗೆ ಮತ್ತೆ ಸಾಲಿನಲ್ಲಿ.
ಲೆಕ್ಕದಲ್ಲಿ ಅವಳದೊಂದು ಸೋಲು.
ಗಡಿಯಂಚಿನ ಕಾಡುದಾರಿಯಲ್ಲಿ ಮೂವತ್ತೊಂಬತ್ತು ವರ್ಷ
ಒಂದು ರಾತ್ರಿಯೂ ಅದು ಅವಳನ್ನು ನಡುವೆ ಕೈಬಿಟ್ಟಿಲ್ಲ.
ಅದನ್ನು ಬರೆಯಲು ನನ್ನ ಕಾಗದದಲ್ಲಿ ಚೌಕವಿಲ್ಲ.
ಒಮ್ಮೆ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದೆ,
ಮೇಲಧಿಕಾರಿ ಅಳಿಸಿದರು.

ಕಳೆದ ಗುರುವಾರ ನನ್ನ ಕಾರಿನ ಸರದಿ.
ನನ್ನದನ್ನು ನಾನೇ ನೋಡುವಂತಿಲ್ಲ.
ಹೊಸದಾಗಿ ಸೇರಿದ ಯೆಸ್ಸೆ ಕುಣಿಗಿಳಿದ, ನಾನು
ಗಾಜಿನಾಚೆ, ಕಾಗದದ ಲೋಟ ಹಿಡಿದು,
ಎಲ್ಲರೂ ಉಗುರು ಕಚ್ಚುವ ಆ ಬೆಂಚಿನಲ್ಲಿ.
ಮುಂದಿನ ಚಕ್ರ ಹಿಡಿದು ಅಲ್ಲಾಡಿಸಿದ.
ತಡೆದ.
ಮತ್ತೊಮ್ಮೆ ಅಲ್ಲಾಡಿಸಿದ.
ಆ ಎರಡನೆಯ ಸಲದ ಅರ್ಥ ನನಗೆ ಗೊತ್ತು.

"ಬಾಲ್ ಜಾಯಿಂಟು ಸಡಿಲ," ಎಂದ, ನನ್ನ ಕಣ್ಣು ತಪ್ಪಿಸಿ.
ಮುಂದೆ ನನ್ನ ಬಾಯಿಂದ ಬಿದ್ದ ಮಾತನ್ನು
ನಾನೇ ಕೇಳಿಸಿಕೊಂಡೆ:
"ಆದರೆ ಇದು ವೋಲ್ವೋ!"

ಶನಿವಾರ ಸೌನಾಕ್ಕೆ ನಡೆದೇ ಹೋದೆ.
ಯಾಕೆ ಹಿಲ್ಕ, ಕಾರೆಲ್ಲಿ, ಎಂದು ಯಾರೋ ಕೇಳಿದರು.
ಕಲ್ಲಿಗೆ ನೀರು ಎರಚಿದೆ.