ಕೆಳತುಟಿ

ಈ ಕಾರಿನಡಿಗೆ ಜಾಕ್ ಹೋಗುವುದಿಲ್ಲ.
ಬೆಕ್ಕು ಹೋಗುತ್ತದೆ, ಅದೂ ಹೊಟ್ಟೆ ಎಳೆದುಕೊಂಡು.
ಎರಡು ಸಿಲ್ವರ್ ಓಕ್ ಹಲಗೆ ಹಾಕಿ
ಮುಂದಿನ ಚಕ್ರ ಹತ್ತಿಸಿ, ಹಿಂದೆ ಕಲ್ಲು ಕೊಟ್ಟು,
ಗೋಣಿ ಹಾಸಿಕೊಂಡು ತೂರಿದೆ.
ಮೂಗಿನಿಂದ ಒಂದು ಗೇಣು ಮೇಲೆ
ಅದರ ಕೆಳತುಟಿ: ಕರಿ ಪ್ಲಾಸ್ಟಿಕ್ಕು,
ಬಣ್ಣವಿಲ್ಲ, ಎಮ್ಮೆಯ ಚರ್ಮದ ಹಾಗೆ ತರಿತರಿ.
ತರಚಿ, ಬಿಳಿಚಿ, ನೂಲುನೂಲಾಗಿ ಎದ್ದು
ಎಡಮೂಲೆಯಲ್ಲಿ ಹೆಬ್ಬೆರಳಗಲ ಮಾಯ.

"ಮೂರನೇ ಸಲ," ಎಂದರು ಹಲ್ಲಿನ ಡಾಕ್ಟರ್ ಬೊಳ್ಳಮ್ಮ,
ಹೋದ ವರ್ಷ ನನ್ನ ದವಡೆಗೆ ಸಿಮೆಂಟು ತುಂಬಿದವರು.
ಆಗ ಬಾಯಿ ತೆರೆದು ಮಲಗಿದ್ದವನು ನಾನು,
ಅವರ ಕೈಯಲ್ಲಿ ಕೊಕ್ಕೆ.
ಈಗ ಮಲಗಿರುವವನೂ ನಾನೇ, ಕೊಕ್ಕೆ ಮಾತ್ರ ನನ್ನದು.
"ಹೊಸದೇ ಹಾಕಿಬಿಟ್ಟರೆ?"
"ಬರೋಕೆ ಎರಡು ತಿಂಗಳು, ಮೇಡಂ.
ಬಂದ ದಿನವೇ ಅದೇ ಹಂಪು."
"ಯಾವ ಪುಣ್ಯಾತ್ಮ ಕಟ್ಟಿದನೋ,
ಕೋಟೆಬೆಟ್ಟದ ತಮ್ಮನನ್ನ!"
ನಾನು ಜಂಶೀರನಿಗೆ ಸೋಪಿನ ನೀರು ತಾ ಎಂದೆ.

ಮೊದಲು ತೊಳೆಯಬೇಕು. ಹಳೇ ಹಲ್ಲುಜ್ಜುವ ಬ್ರಷ್ಷೇ ಸರಿ.
ಎದ್ದ ನೂಲನ್ನು ಬ್ಲೇಡಿನಲ್ಲಿ ಹೆರೆದು,
ಒರಟು ಕಾಗದ, ಆಮೇಲೆ ನಯದ್ದು,
ಆಮೇಲೆ ಬೆರಳು, ಕಣ್ಣು ಮುಚ್ಚಿಕೊಂಡು.
ಬೆನ್ನ ಮೇಲೆ ಎರಡಕ್ಷರ ಅಚ್ಚಾಗಿದೆ, ಅದು ಅದರ ಜಾತಿ.
ಬೇರೆ ಜಾತಿಯ ಕಡ್ಡಿ ಕರಗಿಸಿ ಹಚ್ಚಿದರೆ
ಕೂಡಿದಂತೆ ಕಾಣುತ್ತದೆ, ಮೊದಲ ಚಳಿಗೇ ಬಿಡುತ್ತದೆ.
(ಮನುಷ್ಯರ ವಿಷಯ ನಾನು ಹೇಳುತ್ತಿಲ್ಲ.)
ನನ್ನಲ್ಲಿದ್ದದ್ದು ನೀರಿನ ಟ್ಯಾಂಕಿನ ಕಡ್ಡಿ.
ಈ ಕಸುಬು ಕಲಿತದ್ದೇ ಎಸ್ಟೇಟಿನ ಟ್ಯಾಂಕು, ಡ್ರಮ್ಮು ಬೆಸೆದು.
ಹಾಗಾಗಿ ಸಂಜೆ ನಡೆದೆ, ಶಾಲೆಯ ತನಕ.

ಹಂಪಿನ ಬೆನ್ನ ಮೇಲೆ
ಸುಂಟಿಕೊಪ್ಪದ ಎಲ್ಲ ಕಾರುಗಳ ಗೀರು.
ಚರಂಡಿಯಲ್ಲಿ, ಒಣಗಿದ ಎಲೆ, ಮಿಠಾಯಿ ಕಾಗದದ ಕೆಳಗೆ
ಸಿಕ್ಕಿತು ಆ ಹೆಬ್ಬೆರಳಗಲ.

ಆರು ವರ್ಷದ ಹಿಂದೆ, ಕಾಫಿ ಹೂವಿನ ಇಂಥದೇ ವಾರ,
ಇಲ್ಲೇ ಒಂದು ಜೀಪಿಗೆ ಬ್ರೇಕು ಹಿಡಿಯಲಿಲ್ಲ.
ಸಫೀನಾ ಆಗ ಎರಡನೇ ಕ್ಲಾಸು.
ಅರ್ಜಿ ಕೊಟ್ಟೆವು. ಅರ್ಜಿಗೆ ನಂಬರು ಬಿತ್ತು.
ನಂಬರಿನ ಮೇಲೆ ಧೂಳು ಬಿತ್ತು.
ಒಂದು ಭಾನುವಾರ ರಾತ್ರಿ ನಾನು, ಜಂಶೀರ್, ಬೇಕರಿಯ ದಾಮು
ನಾಲ್ಕು ಮೂಟೆ ಸಿಮೆಂಟು ಕಲಸಿದೆವು.
ಅಳತೆ ಗೊತ್ತಿರಲಿಲ್ಲ. ಕೋಪವಿತ್ತು,
ಅದರಷ್ಟೇ ಎತ್ತರ ಮಾಡಿದೆವು.
ಆಮೇಲೆ ಇಲಾಖೆಯವರು ಬಂದರು, ಸುತ್ತ ನಡೆದರು,
ಬಿಳಿ ಪಟ್ಟೆ ಬಳಿದು ಹೋದರು.

ಮರುದಿನ ತುಂಡು ಕೂರಿಸಿದೆ.
ಒಳಗಿಂದ ತಂತಿಯ ಹೊಲಿಗೆ,
ಹೊರಗೆ ಅದರದೇ ಹೆರೆದ ಚೂರು ಕರಗಿಸಿ ಸಂದಿಗೆ.
ಬಿಸಿಗಾಳಿಯ ಗನ್ ಹಿಡಿದವಳು ಸಫೀನಾ,
ಒಂದೇ ಕಡೆ ನಿಲ್ಲಿಸದೆ, ದೋಸೆಗೆ ಎಣ್ಣೆ ಸವರಿದ ಹಾಗೆ.
ಬಿಳಿಚಿದ್ದು ನಿಧಾನಕ್ಕೆ ಕಪ್ಪಾಯಿತು,
ಮೂರ್ಛೆ ತಿಳಿದವರ ಮುಖಕ್ಕೆ ರಕ್ತ ಬರುವಂತೆ.
ಆರುವ ಮುಂಚೆ ಕಾಫಿ ಒಣಗಿಸುವ ಬಲೆಯ ತುಂಡಿಟ್ಟು
ಅಂಗೈಯಲ್ಲಿ ಒತ್ತಿದೆ: ತರಿ ಮೂಡಿತು.
ಹತ್ತಿರ ನೋಡಿದರೆ ಎಮ್ಮೆಯಲ್ಲ, ಜೇನುಗೂಡು.
ಯಾರು ಅಷ್ಟು ಬಗ್ಗುತ್ತಾರೆ?
ಹೂವಿನ ಘಮ, ಸುಟ್ಟ ಪ್ಲಾಸ್ಟಿಕ್ಕಿನ ಕಮಟು,
ಎರಡೂ ಒಂದೇ ಮೂಗಿಗೆ.

ಬೊಳ್ಳಮ್ಮ ಬಗ್ಗಿದರು. ಡಾಕ್ಟರಲ್ಲವೇ.
"ಫಿಲ್ಲಿಂಗ್ ಅಲ್ಲ ಇದು, ಅದೇ ಹಲ್ಲು. ಎಲ್ಲಿತ್ತು?"
ಹೇಳಿದೆ. ಅದರ ಜೊತೆಗೆ ಇನ್ನೊಂದನ್ನೂ ಹೇಳಿದೆ:
"ಆ ಪುಣ್ಯಾತ್ಮ ನಾನೇ, ಮೇಡಂ."
ಅವರು ಹಂಪಿನ ಕಡೆ ನೋಡಲಿಲ್ಲ,
ಟೀ ತರುತ್ತಿದ್ದ ಸಫೀನಾಳ ಎಡಗಾಲು ನೋಡಿದರು,
ತುಸು ತಡವಾಗಿ ನೆಲ ಮುಟ್ಟುವ ಕಾಲು.
ಟೀ ಕುಡಿದರು. ಚೌಕಾಸಿ ಮಾಡಲಿಲ್ಲ,
ಅದು ನನಗೆ ಅಷ್ಟು ಹಿಡಿಸಲಿಲ್ಲ.

"ನೇರ ಏರಬೇಡಿ. ಓರೆಯಾಗಿ,
ಒಂದೊಂದೇ ಚಕ್ರ, ಮೆಟ್ಟಿಲು ಇಳಿಯುವ ಅಜ್ಜಿಯ ಹಾಗೆ."
ತಲೆಯಾಡಿಸಿ ಹೊರಟರು.

ಗನ್ ಆರಿಸಿದೆ. ಜಂಶೀರ್ ರೇಡಿಯೋ ತಗ್ಗಿಸಿದ.
ಸಫೀನಾ ಬಾಗಿಲಲ್ಲಿ ನಿಂತು ಕಿವಿಗೊಟ್ಟಳು.

"ತಾಗಿತು, ಉಪ್ಪಾ," ಎಂದಳು. "ಸ್ವಲ್ಪ."