ಜೋಡಿ ಹೊಲಿಗೆ

ಹನ್ನೊಂದು ವರ್ಷ ಜೀನ್ಸ್ ಹೊಲಿದ ಕೈ ಇದು.
ಸೊಂಟಪಟ್ಟಿ, ಜೇಬು, ಕಾಲಂಚು,
ಎಲ್ಲದಕ್ಕೂ ಕಿತ್ತಳೆ ನೂಲಿನ ಜೋಡಿಗೆರೆ.
ಈಗ ಅದೇ ಕೈಗೆ ಸ್ಟೇರಿಂಗು.
ಕೌಲ್ ಬಜಾರಿನ ಶೆಡ್ಡಿನಿಂದ ವಾಷಿಂಗಿಗೆ
ಗಂಟು ಒಯ್ಯುವ ಬಾಡಿಗೆಯವನು ದಿನಾ ತಡ, ದಿನಾ ಜಗಳ.
ಇನ್ನು ನಾನೇ ಕಲಿಯುತ್ತೇನೆ ಅಂದೆ.
ಹಳೇ ಗೂಡ್ಸ್ ಗಾಡಿ, ಮುಂದೊಂದು ಹಿಂದೊಂದು
ಕೆಂಪು ಎಲ್ ಬೋರ್ಡು.

ಕಲಿಸುವವನು ಹುಸೇನಪ್ಪ.
ಸಂಡೂರಿನ ಅದಿರು ಲಾರಿ ಓಡಿಸಿದವನು,
ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು.
ಚಾದಂಗಡಿ ಕಟ್ಟೆಯ ಮೇಲೆ ಸಾಸರು ಬೋರಲು ಹಾಕಿ
"ಇದು ಸರ್ಕಲ್ಲು" ಅಂದ.
ಪಕ್ಕಕ್ಕೆ ಎರಡು ಶೇಂಗಾಬೀಜ ಇಟ್ಟ.
"ಇದು ನೀನು, ಎರ್ರೆಮ್ಮಾ, ಎಡಕ್ಕ ಹೊಳ್ಳಾಕಿ.
ಹೊರಗಿನ ಸಾಲು ಹಿಡಿ, ಬಿಡಬ್ಯಾಡ.
ಇದೂ ನೀನ, ನಾಳಿನಾಕಿ, ಬಲಕ್ಕ ಹೋಗಬೇಕು.
ಒಳಗಿನ ಸಾಲು, ಸರ್ಕಲ್ಲಿನ ಮೈಗೆ ಹತ್ತಿ.
ಬಲಗಡೆಯಿಂದ ಬರಾವಗ ಮೊದಲು ದಾರಿ.
ನಿನ್ನ ರಸ್ತೆ ಹಿಂದಿನ ರಸ್ತೆ ದಾಟಿದ ಕೂಡ್ಲೆ
ಎಡದ ಇಂಡಿಕೇಟರ್."
ಹೇಳಿ ಮುಗಿಸಿ, ಎರಡೂ ನನ್ನನ್ನು
ಬಾಯಿಗೆ ಹಾಕಿಕೊಂಡ.

ನನಗೆ ತಿಳಿದದ್ದು ಬೇರೆ ಭಾಷೆಯಲ್ಲಿ.
ಮುಂಜೇಬಿನ ಬಾಯಿ ತಿರುಗಿಸುವಾಗ
ಒಳಗೆರೆ ಸಣ್ಣದು, ಹೊರಗೆರೆ ದೊಡ್ಡದು,
ನಡುವೆ ಕಾಲಿಂಚು.
ಒಂದರ ಮೇಲೊಂದು ಹತ್ತಿತೋ
ಮಾಲು ರಿಜೆಕ್ಟು.

ಬೆಳಗಿನ ಏಳೂವರೆ. ಗುಡ್ಡದ ಬಂಡೆ ಆಗಲೇ ಕಾದಿದೆ.
ನಡುವೆ ಒಣಗಿದ ಕಾರಂಜಿ, ಸುತ್ತ ಹೊಸದಾಗಿ ಎಳೆದ ಬಿಳಿಗೆರೆ,
ಯಾರಿಗೆ ಎಳೆದದ್ದೆಂದು ಯಾರೂ ಕೇಳಿದಂತಿಲ್ಲ.
ಬುಲೆಟ್ಟೊಂದು ಉಲ್ಟಾ ಬಂತು.
ಸಿರುಗುಪ್ಪದ ಬಸ್ಸು ಹೊರಗಿನ ಸಾಲಿನಿಂದ
ಸೀದಾ ಬಲಕ್ಕೆ, ಎಲ್ಲರ ಮೂಗಿನ ಮುಂದೆ.
ಒಂದು ಎಮ್ಮೆ ಮಾತ್ರ
ಒಳಗಿನ ಸಾಲಿನಲ್ಲಿ, ಗೆರೆ ತುಳಿಯದೆ, ನಿಯತ್ತಾಗಿ.
"ನೋಡು, ಅದು ಲೈಸೆನ್ಸ್ ಮಾಡಿಸೈತಿ" ಅಂದ ಹುಸೇನಪ್ಪ.

ನಾನು ಅದರ ಹಿಂದೆ ಹೊಕ್ಕೆ.
ಅನಂತಪುರ ರಸ್ತೆ ಹೋಯಿತು. ಮುಂದಿನದು ನನ್ನದು.
ಎಡಕ್ಕೆ ನೋಡಿದರೆ ಮಂಡಕ್ಕಿ ಚೀಲದ ಆಟೋ,
ಆಟೋ ಹಿಂದೆ ಟ್ಯಾಂಕರು, ಟ್ಯಾಂಕರಿನ ಹಿಂದೆ ಬರೀ ಹಾರ್ನು.
ಸಂದಿಯಿಲ್ಲ. ಆದರೂ ಕೈ ಎಳೆಯಿತು.
"ಕತ್ತರಿಸಬ್ಯಾಡ." ಅವನ ದನಿ ಏರಲಿಲ್ಲ.
"ತಪ್ಪಿದರ ತಪ್ಪಲಿ, ಇನ್ನೊಂದು ಸುತ್ತು ಹಾಕು.
ನಿನ್ನ ರಸ್ತೆ ಎಲ್ಲಿ ಓಡಿ ಹೋಗ್ತೈತಿ?"

ಹಾಕಿದೆ. ಅದೇ ಕಾರಂಜಿ, ಅದೇ ಹೂವಿನಂಗಡಿ,
ಅದೇ ಪೊಲೀಸಪ್ಪ, ಈ ಸಲ
ಬಾಯಿಂದ ಪೀಪಿ ತೆಗೆದು ನೋಡಿದ.
ಎರಡನೆಯದೂ ತಪ್ಪಿತು.
ಮೂರನೆಯದಕ್ಕೆ ಹೂವಿನಾಕೆ ಕೈ ಬೀಸಿದಳು.
ನಾಲ್ಕನೇ ಸುತ್ತಿನಲ್ಲಿ ಹುಸೇನಪ್ಪ, ರಸ್ತೆ ನೋಡುತ್ತಲೇ:
"ಅದಿರಿನ ಕಾಲದಾಗ ಟ್ರಿಪ್ಪಿಗಿಷ್ಟು ಅಂತ ರೊಕ್ಕ.
ಒಂದು ಸುತ್ತು ಉಳಿಸಾಕ ಒಳಗಿಂದ ಹೊರಗ ಕತ್ತರಿಸಿದೆ.
ಹೊರಗಿನ ಸಾಲಿನಾಗ ಸೈಕಲ್ ಇತ್ತು, ಹಾಲಿನ ಹುಡುಗ.
ಹುಡುಗ ಉಳಿದ.
ಚಪ್ಪಟಿ ಕ್ಯಾನು ಇನ್ನೂ ನನ್ನ ಮನ್ಯಾಗೈತಿ."

ನಾನು ಏನೂ ಅನ್ನಲಿಲ್ಲ. ಗೇರು ಎರಡರಲ್ಲೇ ಇತ್ತು.

ಐದನೇ ಸುತ್ತು. ಕನ್ನಡಿ ನೋಡಿ ಇಂಡಿಕೇಟರ್ ಒತ್ತಿದೆ,
ಟಿಕ್ ಟಿಕ್, ಬಾಬಿನ್ನಿನಲ್ಲಿ ನೂಲು ಮುಗಿದಾಗಿನ ಸದ್ದು.
ಆಟೋದವನು ಯಾಕೋ ಬ್ರೇಕು ಹಿಡಿದ,
ದಾರಿ ಕೊಟ್ಟನೋ, ಬೀಡಿ ಹಚ್ಚಿದನೋ.
ಅಷ್ಟು ಜಾಗ ಸಾಕಿತ್ತು.
ಒಳಗೆರೆಯಿಂದ ಹೊರಗೆರೆಗೆ, ಹೊರಗೆರೆಯಿಂದ ರಸ್ತೆಗೆ,
ನೂಲು ಕಡಿಯದೆ ಬಂದೆ.

ಗಂಟು ಮುಟ್ಟಿದಾಗ ಇಪ್ಪತ್ತು ನಿಮಿಷ ತಡ.
ನೀಲಿ ಕೈ ಒರೆಸುತ್ತ ವಾಷಿಂಗಿನ ಮೇಸ್ತ್ರಿ ಬೈದ,
ಎಲ್ಲಿಗೆ ಹೋಗಿದ್ದಿ?

ಎಲ್ಲಿಗೂ ಇಲ್ಲ, ಅಂದೆ.
ಸರ್ಕಲ್ಲಿನಾಗ ಇದ್ದೆ.