ಕಡ ಕೊಟ್ಟ ಕೊಂಬು

ಮೊದಲ ಪುಟದಲ್ಲಿ ಒಂಟೆಗೆ ಕೊಂಬುಂಟು,
ಹನ್ನೆರಡು ಕವಲು, ಕವಲಿಗೊಂದು ಹಕ್ಕಿ.
ಕೊಳಕ್ಕೆ ಬಾಗಿ ತನ್ನನ್ನೇ ನೋಡಿಕೊಳ್ಳುತ್ತ
ನೀರು ಕುಡಿಯುವುದನ್ನೇ ಮರೆತಿದೆ.

ಆಮೇಲೆ ಬಂತು ಬೋಳುತಲೆಯ ಜಿಂಕೆ:
"ಕಾಡಲ್ಲಿ ಮದುವೆ, ಒಂಟೆಯಕ್ಕಾ,
ಒಂದೇ ಒಂದು ಹೊತ್ತಿಗೆ ಕೊಡು.
ನೀ ನೀರು ಕುಡಿದು ತಲೆ ಎತ್ತುವುದರೊಳಗೆ
ತಂದುಕೊಡದಿದ್ದರೆ ಕೇಳು."

ಕೊಟ್ಟೇಬಿಟ್ಟಿತು.

ಮುಂದಿನ ಎರಡು ಪುಟದ ತುಂಬ ಬರೀ ಮರಳು.
ಮೂಲೆಯಲ್ಲಿ ಸಾಸಿವೆಯಷ್ಟು ಜಿಂಕೆ.
ದುಲ್ಮಾ ಅಜ್ಜಿ ಪ್ರತಿಸಲವೂ ಇಲ್ಲೇ ಓದು ನಿಲ್ಲಿಸಿ
ಒಲೆಗೆ ಒಣಸಗಣಿ ತುಂಬುತ್ತಾಳೆ.

"ಆಮೇಲೆ?"
"ಆಮೇಲೇನು, ಕಾಯುತ್ತಿದೆ."

ಸರ್ನಾಯ್ ಗುಡಾರದ ಬಾಗಿಲು ತೆರೆದು ನೋಡಿದಳು.
ಗೋಬಿಯ ಗಾಳಿ. ಬಾವಿಯ ದೋಣಿಯ ಬಳಿ
ಅವರ ಮುದಿ ಒಂಟೆ ಒಂದು ಗುಟುಕು ಹೀರಿ,
ತಲೆ ಎತ್ತಿ, ತುಟಿಯಿಂದ ನೀರು ತೊಟ್ಟಿಕ್ಕುತ್ತಿದ್ದರೂ
ದೂರದ ಬೆಟ್ಟವನ್ನೇ ನೋಡುತ್ತಿತ್ತು.
ಇನ್ನೊಂದು ಗುಟುಕು.
ಮತ್ತೆ ಬೆಟ್ಟ.

ರಾತ್ರಿ ಎಲ್ಲರೂ ಮಲಗಿದ ಮೇಲೆ
ಬಾಣಲೆಯ ತಳದ ಮಸಿ ಬೆರಳಿಗೆ ಮೆತ್ತಿ
ಕೊನೆಯ ಪುಟದ ಬೋಳು ಒಂಟೆಗೆ
ಅಂಕುಡೊಂಕು ಕೊಂಬು ಬರೆದಳು.

ಬೆಳಿಗ್ಗೆ ಅಜ್ಜಿ ಕನ್ನಡಕ ಏರಿಸಿ ಎಣಿಸಿದಳು:
"ಹದಿಮೂರು ಕವಲು! ಕೊಟ್ಟದ್ದು ಹನ್ನೆರಡಲ್ಲವೇನೇ?"

"ಒಂದು ಬಡ್ಡಿ."